ಅದೇ ಪಾತ್ರೆಗೆ ಸೋಸಿದ ಭಾವ

ಹಲ್ಲಿನ ಡಾಕ್ಟರ ಬಳಿ ಹೊರಟಿದ್ದ ಹೆಂಗಸು ಕೆನ್ನೆ ಹಿಡಿದುಕೊಂಡು ಲಿಫ್ಟಿಗೆ ಕಾಯುತ್ತಿದ್ದಳು. ಅವಳ ಮುಂದೆ ಭಾವ, ನಾದಿನಿ ಇಬ್ಬರು ನಿಂತಿದ್ದರು. ಇಬ್ಬರ ಕೊರಳಲ್ಲೂ ಒಂದೇ ಆಫೀಸಿನ ಗುರುತಿನ ಚೀಟಿ. ದನಿ ತಗ್ಗಿತ್ತು, ಸಿಟ್ಟು ತಗ್ಗಿರಲಿಲ್ಲ.

"ಫೈರ್‌ವಾಲ್ ತಡೆದಿಟ್ಟಿದ್ದ ವಿಳಾಸದ ಪಟ್ಟಿನೇ ಖಾಲಿ. ಬೆಳಗಿಂದ ಕಂಡಕಂಡ ಕಳ್ಳರೆಲ್ಲ ಆಫೀಸಿನ ಕಂಪ್ಯೂಟರೊಳಗೆ ನುಗ್ತಿದ್ದಾರೆ. ಆ ಪಟ್ಟಿ ಸರಿಮಾಡೋ ಸ್ಕ್ರಿಪ್ಟು ನಿಂದೇ ತಾನೇ?"

"ಬರೆದಿದ್ದು ನಾನು. ತಿದ್ದಿದ್ದು ನೀವು, ಭಾವ."

"ಎರಡೆರಡು ಸಲ ಬಂದಿರೋ ವಿಳಾಸ ತೆಗೆಯೋಕೆ ಇನ್ನೊಂದು ಫೈಲ್ ಯಾಕೆ? ಅದಕ್ಕೇ ಆ ಫೈಲನ್ನ ತೆಗೆದುಹಾಕಿದೆ."

"ಮನೇಲಿ ಹಾಲನ್ನ ಅದೇ ಪಾತ್ರೆಗೆ ಸೋಸ್ತೀರಾ? ಹೊಸ ಫೈಲಿಗೆ ಬರೆದು, ಅದು ಖಾಲಿ ಇಲ್ಲ ಅಂತ ನೋಡಿ, ಆಮೇಲೇ ಹಳೇದರ ಜಾಗದಲ್ಲಿ ಇಡೋ ಹಾಗೆ ಮಾಡಿದ್ದೆ. ನೀವು ಓದೋ ಫೈಲಿಗೇ ಬರೆಸಿದ್ರಿ. ಓದೋ ಮುಂಚೆನೇ ಅದು ಅಳಿಸಿಹೋಯ್ತು."

"ಪಾಠ ಸಾಕು. ಸಾಹೇಬರು ಕೇಳಿದ್ರೆ ತಪ್ಪು ನಿಂದೇ ಅಂತ ಹೇಳು. ಹೊಸಬಳು ಅಂತ ಸುಮ್ಮನಾಗ್ತಾರೆ. ನನ್ನ ಬಡ್ತಿ ಈ ವಾರ."

"ಹೊಸಬಳನ್ನೇ ಮೊದಲು ಮನೆಗೆ ಕಳಿಸೋದು."

"ನಿಮ್ಮಕ್ಕನ ಮುಖ ನೋಡಿಯಾದ್ರೂ ಒಪ್ಕೋ."

"ಅಕ್ಕನ ಮುಖ ನೋಡಿನೇ ಇಷ್ಟು ಹೊತ್ತು ಮೆಲ್ಲಗೆ ಮಾತಾಡಿದ್ದು. ನೀವು ಲಿಫ್ಟಲ್ಲಿ ಬನ್ನಿ. ನಾನು ಮೆಟ್ಟಿಲು ಹತ್ತಿ ಹೋಗಿ ಸಾಹೇಬರಿಗೆ ಹೇಳ್ತಿರ್ತೀನಿ."

ಅವಳು ಚೀಲ ಹೆಗಲಿಗೇರಿಸಿ ಮೆಟ್ಟಿಲ ಕಡೆ ನಡೆದೇಬಿಟ್ಟಳು.

"ಏ, ನಿಲ್ಲೇ," ಎನ್ನುತ್ತ ಭಾವ ಸಾಲು ಬಿಟ್ಟು ಹಿಂದೆ ಓಡಿದ. ಲಿಫ್ಟು ಬಂದು ಬಾಗಿಲು ತೆರೆಯಿತು. ಹಲ್ಲುನೋವಿನ ಹೆಂಗಸು ಒಳಗೆ ಹೋಗಿ ಗುಂಡಿ ಒತ್ತಿದಳು. ಮೇಲೇರುವಷ್ಟು ದೂರವೂ ಮೆಟ್ಟಿಲ ಮೇಲೆ ಎರಡು ಜೊತೆ ಚಪ್ಪಲಿಗಳ ಸದ್ದು ಕೇಳುತ್ತಲೇ ಇತ್ತು, ಮುಂದಿನದು ನಿಲ್ಲಲಿಲ್ಲ.