ಐದು ವರ್ಷದ ಎದಿನೋವು

ಬ್ಯಾಡ ರೇಣುಕಾ, ಆ ಮಾತ ಬ್ಯಾಡ. ನಾಳೆ ಡಾಕ್ಟರ ಮುಂದ ಅಜ್ಜಿ ಮೊಣಕಾಲ ಒಂದ ವಾರದಿಂದ ನೋಯಾಕತ್ತೇತಿ ಅಂತನ ಹೇಳು. ವರ್ಷಗಟ್ಲೆ ಆತು ಅಂದ್ರ ಲಗೂ ನೋಡ್ತಾರ ಅಂತೀಯಲ್ಲಾ, ನಾನೂ ಒಮ್ಮೆ ಹಂಗ ಹೇಳಿದ್ದೆ, ನಿಮ್ಮಜ್ಜನ ಸಲುವಾಗಿ. ನೀ ಆವಾಗ ಹುಟ್ಟಿರಲಿಲ್ಲ, ಅಲ್ಲಲ್ಲ, ಹುಟ್ಟಿದ್ದಿ, ಅಂಬೆಗಾಲ ಇಡತಿದ್ದಿ. ನಿಮ್ಮಜ್ಜ ಶಿರಗುಪ್ಪಿ ಸಾಲ್ಯಾಗ ಡ್ರಿಲ್ ಮಾಸ್ತರ. ಕೊರಳಾಗ ಸೀಟಿ, ಕಾಲಾಗ ಬಿಳೇ ಬೂಟು, ಹುಡುಗೂರ ಮುಂದ ತಾವ ಓಡಾವ್ರು. ಅಂಥಾವ್ರು ಒಂದಿನ ಮುಂಜಾನೆ ಬೂಟಿನ ಲೇಸ ಕಟ್ಟಾಕ ಬಗ್ಗಿ, ಎದಿ ಹಿಡಕೊಂಡ ಕುಂತ ಬಿಟ್ರು. ಆಟೋದಾಗ ದವಾಖಾನಿಗೆ ಹೋದ್ವಿ. ಪಾಳಿ ಅಂದ್ರ ಪಾಳಿ, ಬಾಗಲ ಮಟಾ ಮಂದಿ. ಈಗಷ್ಟ ಶುರು ಆತು ಅಂದ್ರ ಕುಂದರ್ರಿ ಅಂತಾರ ಅನಿಸ್ತು. ನಾ ಏನ ಮಾಡಿದೆ, ಚೀಟಿ ಬರಿಯೋ ಡಾಕ್ಟರ ಮುಂದ ಹೋಗಿ, "ಐದ ವರ್ಷದಿಂದ ಎದಿನೋವು ಐತ್ರೀ ಸಾಹೇಬ್ರ, ಲಗೂ ನೋಡ್ರಿ" ಅಂದೆ. ಬರಕೊಂಡ್ರು. ಲಗೂನೂ ನೋಡಿದ್ರು, ಇಲ್ಲ ಅನ್ನಂಗಿಲ್ಲ. ನಿಮ್ಮಜ್ಜ ಅಂಥಾ ನೋವಿನ್ಯಾಗೂ ನನ್ನ ಕಡೆ ನೋಡಿ, "ಐದ ವರ್ಷ ಯಾವಾಗ ಆತ?" ಅಂತ ನಕ್ರು. ಅದ ಕಡೀ ನಗಿ ಆತವ್ವಾ. ಮಧ್ಯಾಹ್ನದಾಗ ಹೋಗಿಬಿಟ್ರು.

ಮುಂದ ಅವರ ವಿಮಾ ಕೇಳಾಕ ಹೋದ್ರ ಕಂಪನಿಯವ್ರು ಅದ ಚೀಟಿ ಹಿಡಕೊಂಡ ಕುಂತಾರ. "ಪಾಲಿಸಿ ಮಾಡಿಸಿ ಎರಡ ವರ್ಷ, ರೋಗ ಐದ ವರ್ಷದ್ದು. ಮಾಸ್ತರು ಮುಚ್ಚಿಟ್ಟ ಸಹಿ ಮಾಡ್ಯಾರ, ಕೊಡಂಗಿಲ್ಲ." ರೊಕ್ಕ ಬೇಕಾಗಿತ್ತು, ಖರೇ. ಆದ್ರ ಸುಳ್ಳ ಹೇಳಿದಾಕಿ ನಾನು, ಸುಳ್ಳಗಾರ ಅನ್ನೋ ಹೆಸರು ಅವರಿಗೆ ಕಟ್ಟಿದ್ರಲ್ಲಾ, ಅದಕ್ಕ ನನ್ನ ಹೊಟ್ಟಿ ಉರೀತು. ಧಾರವಾಡದ ಗ್ರಾಹಕರ ಕೋರ್ಟಿಗೆ ಹಾಕಿದ್ವಿ. ತಾರೀಖ ಮ್ಯಾಲ ತಾರೀಖು. ಕಡೀಗೊಮ್ಮೆ ನನ್ನ ನಿಂದ್ರಿಸಿ ಕೇಳಿದ್ರು. ಕಂಪನಿ ವಕೀಲ್ರು ಕನ್ನಡಕ ಏರಿಸಿ, ಹಿಂಗ ನೋಡು, "ಅಮ್ಮಾರ, ಆವತ್ತ ಸುಳ್ಳ ಹೇಳಿದವ್ರು ಇವತ್ತ ಖರೇ ಹೇಳಾಕತ್ತೀರಿ ಅಂತ ಹೆಂಗ ನಂಬೋದ್ರಿ?" ನಾ ಅಂದೆ, "ಆವತ್ತ ಸುಳ್ಳ ಹೇಳಿದ್ರ ಉಳೀತಾರ ಅಂತ ಆಸೆ ಇತ್ರಿ. ಇವತ್ತ ಹೇಳಿದ್ರ ಎದ್ದ ಬರ್ತಾರೇನ್ರಿ?" ಜಡ್ಜ್ ಸಾಹೇಬ್ರು ಮೆಲ್ಲಕ, "ಮಾಸ್ತರು ಹೆಂಗಿದ್ರು, ಹೇಳ್ರಿ" ಅಂದ್ರು. ಹೇಳ್ರಿ ಅಂದ್ರು, ನೋಡು! ಹೇಳಿದೆ. ಅವರ ಓಡೋದು, ಸಂಜೀಕ ಬಾಗಲದಾಗ ನಿಂತ ಒಮ್ಮೆ ಸೀಟಿ ಊದಿ ಚಾ ಕೇಳೋದು, ಎಲ್ಲಾ ಹೇಳಿದೆ.

ಗೆದ್ವಿ. ಹಳೇ ಔಷಧದ ಒಂದ ಚೀಟೀನೂ ಕಂಪನಿಯವರ ಹಂತ್ಯಾಕ ಇಲ್ಲ, ಹೆಂಡತಿ ಗಾಬರಿಯಾಗಿ ಆಡಿದ ಮಾತ ಹಿಡದು ಮಾಸ್ತರ ಸುಳ್ಳ ಹೇಳ್ಯಾರ ಅನ್ನಾಕ ಬರಂಗಿಲ್ಲ ಅಂತ ತೀರ್ಪಿನ್ಯಾಗ ಬರದ್ರು. ನಿಮ್ಮಪ್ಪ ಪೇಢಾ ತಂದ. ನನಗ, ಹುಚ್ಚಿ ಅನಬ್ಯಾಡ, ಅಳು ಬಂತು. ಇನ್ನ ತಾರೀಖ ಇಲ್ಲಲ್ಲಾ! ಅವರ ಸುದ್ದಿ ಕುಂತ ಕೇಳಾವ್ರು ಅದೊಂದ ಜಾಗಾದಾಗ ಇದ್ರು. ಈಗೂ ಚಾ ಹೊತ್ತಿಗೆ ಕಿವಿ ಬಾಗಲದ ಕಡೇನ ಹೋಗತೈತಿ, ಏನ ಮಾಡ್ಲಿ.

ಅದಕ್ಕ ಹೇಳಾಕತ್ತೇನಿ, ದವಾಖಾನ್ಯಾಗ ಇದ್ದದ್ದ ಇದ್ದಂಗ ಹೇಳಬೇಕು. ಮೊಣಕಾಲ ಒಂದ ವಾರದ್ದು. ಅಜ್ಜನ ಸುದ್ದಿ ಮಾತ್ರ ಮತ್ತ ಮತ್ತ ಕೇಳು, ಕೇಳಿದ್ದನ ಕೇಳು. ಏಳು, ಚಾ ಇಡು.