ಎಮಿಲ್ ಲಾಬ್ರಿ ಗಡ್ಡ ತೆಗೆಸಿದ್ದು

...ಪೂರ್ತಿನಾ? ಅಲ್ಲ ನೀಲ್, ಪೂರ್ತಿ ತೆಗೆದುಬಿಡ್ಲಾ? ಅಂಚು ಸರಿ ಮಾಡ್ತೀನಿ, ಕುತ್ತಿಗೆ ಹತ್ತಿರ ಚೊಕ್ಕ ಮಾಡ್ತೀನಿ, ಅಷ್ಟು ಸಾಲದಾ? ಕೈಯಲ್ಲಿ ಸನ್ನೆ ಮಾಡಬೇಡ, ಬಾಯಲ್ಲಿ ಹೇಳು.

ಸರಿ. ಹೇಳಬೇಡ.

ನಾಳೆ ನಮ್ಮ ಐಸ್ ಹಾಕಿ ತಂಡ ಹೆರನ್ಸ್ ಆಟ ಇದೆ, ಗೊತ್ತು ತಾನೆ? ತಂಡದ ಮಾಲೀಕರ ಮಗನಿಗೆ ಇದನ್ನ ಕ್ಷೌರಿಕ ಹೇಳಬೇಕಾ? ಪ್ಲೇಆಫ್ ಅನ್ನೋ ಕೊನೇ ಸುತ್ತಿನ ಆಟಗಳು ನಡೀತಿರೋವಾಗ ಆಸ್ಕಾಟ್ ಫಾಲ್ಸ್‌ನಲ್ಲಿ ಯಾವ ಗಂಡಸೂ ಮುಖಕ್ಕೆ ಕತ್ತಿ ಮುಟ್ಟಿಸಲ್ಲ. ತಂಡ ಸೋತು ಹೊರಗೆ ಬೀಳೋವರೆಗೂ ಎಲ್ಲರೂ ಕಾಡುಮನುಷ್ಯರು. ಆಟಗಾರರು, ಟಿಕೆಟ್ ಹರಿಯೋರು, ಪಾದ್ರಿ ಕೂಡ. ನನ್ನನ್ನೇ ನೋಡು. ಕ್ಷೌರಿಕನ ಮುಖದ ಮೇಲೆ ಪೊದೆ. ತಂಡ ಗೆಲ್ತಾ ಇದ್ದಷ್ಟು ದಿನ ನನಗೆ ಕೆಲಸ ಇಲ್ಲ, ಆದರೂ ಗೆಲ್ಲಲಿ ಅಂತ ಕೂತಿರ್ತೀನಿ. ಕಾಲೇಜಿನಲ್ಲಿ ನಾನು ಓದಿದ್ದು ತರ್ಕಶಾಸ್ತ್ರ. ಕೂದಲಿಗೂ ಗೋಲ್ ಹೊಡೆಯೋದಕ್ಕೂ ಸಂಬಂಧ ಇಲ್ಲ ಅಂತ ಬೇಕಾದ್ರೆ ಬರೆದುಕೊಡ್ತೀನಿ. ಬರೆದುಕೊಟ್ಟು, ಗಡ್ಡ ನೀವಿಕೊಂಡು ಕೂತಿರ್ತೀನಿ.

ಯಾಕೆ ನಗ್ತೀಯ?... ನಗ್ತಿಲ್ವಾ. ಕನ್ನಡಿಯಲ್ಲಿ ಹಾಗೆ ಕಾಣಿಸ್ತು.

ಕಿಟಕಿ ಪರದೆ ಎಳೀಲಾ? ಬೇಡ, ಎಳೆದ್ರೆ ಇನ್ನೂ ಕೆಟ್ಟದ್ದು. ಆಚೆ ನೋಡು. ತಲೆ ತಿರುಗಿಸಬೇಡ, ಕಣ್ಣು ಮಾತ್ರ. ಡೋನಟ್ ಅಂಗಡಿ ಮುಂದೆ ಹಸಿರು ಕೋಟು. ಗಸ್. ಅಭಿಮಾನಿ ಸಂಘದ ಅಧ್ಯಕ್ಷ. ನೀನು ಒಳಗೆ ಬಂದಾಗಿಂದ ಅವನ ಕೈಯಲ್ಲಿ ಅದೇ ಡೋನಟ್ ಇದೆ, ಒಂದು ತುತ್ತೂ ಕಚ್ಚಿಲ್ಲ. ಗಸ್ ತಿನ್ನೋದನ್ನ ಮರೆತಿದ್ದಾನೆ ಅಂದ್ರೆ ಒಳ್ಳೇದಕ್ಕಲ್ಲ.

ನಾನು ನಿನ್ನ ಕೆನ್ನೆಗೆ ನೊರೆ ಹಚ್ಚಿದ್ರೆ ಅವನು ತಿಳ್ಕೊಳ್ಳೋದು ಒಂದೇ. ತಂಡ ಮಾರೋ ಪತ್ರಕ್ಕೆ ಸಹಿ ಆಯ್ತು, ತಂಡ ಕೆಲ್ವಿನ್‌ಪೋರ್ಟಿಗೆ ಹೊರಟಿತು. ನಿಮ್ಮಪ್ಪ ಈ ಕುರ್ಚಿಯಲ್ಲಿ ಗಡ್ಡ ತೆಗೆಸಿಕೊಂಡು ಎದ್ದು ಹೋದ ಮೇಲೆ ಅವರ ಗತಿ ಏನಾಯ್ತು ಅಂತ ನೀನೇ ನೋಡಿದೀಯಲ್ಲ.

ಹೌದು, ನೋಡಿಲ್ಲ. ನೀನು ಆಗ ಊರಲ್ಲಿರಲಿಲ್ಲ. ನಾನು ಹೇಳ್ತೀನಿ ಕೇಳು. ಕೇಳ್ತಾ ಮನಸ್ಸು ಬದಲಾಯಿಸಿದ್ರೂ ಬದಲಾಯಿಸು.

ಆ ದಿನ ಬೆಳಿಗ್ಗೆ ನಿಮ್ಮಪ್ಪ ಗಡ್ಡ ತೆಗೆಸಿದ್ರು. ಸಂಜೆ ಹೊತ್ತಿಗೆ ಊರಿಗೆಲ್ಲ ಗೊತ್ತು: ಎಮಿಲ್ ಲಾಬ್ರಿ ತಂಡದ ಆಸೆ ಬಿಟ್ಟ, ನದಿಯ ಕೆಳದಂಡೆ ಊರಿನವರಿಗೆ ಮಾರ್ತಿದ್ದಾನೆ. ಕೆಲ್ವಿನ್‌ಪೋರ್ಟಿಗೆ, ನೀಲ್. ಬಿಯರಿಗೆ ಐಸ್ ಹಾಕ್ಕೊಂಡು ಕುಡಿಯೋ ಊರಿಗೆ. ಹಾಕಿ ನೋಡೋಕೆ ಮನೆಯಿಂದ ದಿಂಬು ತರೋ ಜನಕ್ಕೆ. ರೇಡಿಯೋದಲ್ಲಿ ಬಂತು. ರೇಡಿಯೋದವನಿಗೆ ಗಸ್ ಹೇಳಿದ್ದು. ಗಸ್‌ಗೆ ಯಾರೋ ನಂಬಿಕಸ್ತ ಮನುಷ್ಯ ಹೇಳಿದನಂತೆ. ಯಾರು ಅಂತ ಗಸ್ ಬಾಯಿ ಬಿಡಲ್ಲ. ಅದರಲ್ಲಿ ಗಟ್ಟಿಗ.

ಮುಂದಿನ ಆಟಕ್ಕೆ ಅರ್ಧ ಅಂಗಣ ಖಾಲಿ. ಬಂದವರು ಬೆನ್ನು ತಿರುಗಿಸಿ ನಿಂತ್ರು. ನಿಮ್ಮ ಗೇಟಿಗೆ ಕೆಲ್ವಿನ್‌ಪೋರ್ಟಿನ ನೀಲಿ ಅಂಗಿ ಕಟ್ಟಿದ್ರು, ಮೊಟ್ಟೆ ಹೊಡೆದ್ರು. ನಿಮ್ಮಪ್ಪ ಒಂದು ಮಾತು ಆಡಲಿಲ್ಲ. 'ಸುಳ್ಳು' ಅಂತ ಒಂದು ಪದ ಅಂದಿದ್ರೆ ಸಾಕಿತ್ತು. ಅನ್ನಲಿಲ್ಲ. ಸುಮ್ಮನಿದ್ದಾನೆ ಅಂದ್ರೆ ನಿಜ ಅಂತ ಊರು ತೀರ್ಮಾನ ಮಾಡ್ತು. ಊರುಗಳು ತರ್ಕಶಾಸ್ತ್ರ ಓದಿರಲ್ಲ.

ಆಮೇಲಿನದು ನಿನಗೆ ಗೊತ್ತು. ಕೆಲ್ವಿನ್‌ಪೋರ್ಟಿನವರಿಗೆ ಆವರೆಗೂ ಇಂಥದ್ದೊಂದು ಯೋಚನೆಯೇ ಇರಲಿಲ್ಲ. ನಮ್ಮ ರೇಡಿಯೋ ಕೇಳಿ ಅವರ ಮೇಯರ್ ನಿನಗೆ ಫೋನ್ ಮಾಡಿದ. ಹೌದಾ, ಮಾರ್ತೀರಾ, ಹಾಗಾದ್ರೆ ನಮಗೇ ಕೊಡಿ, ಹೊಸ ಅಂಗಣ ಕಟ್ಟಿಸ್ತೀವಿ, ಕೂರೋ ಜಾಗಕ್ಕೂ ಬಿಸಿ ಇಡ್ತೀವಿ. ಪತ್ರಿಕೆಯವರಿಗೆ ಇದನ್ನ ನೀನೇ ಹೇಳಿದೆಯಲ್ಲ. ಇವತ್ತು ಸಂಜೆ ಉತ್ತರ ಕೊಡ್ತೀನಿ ಅಂತಲೂ ಹೇಳಿದೆ. ಬರೀ ಗಾಳಿಮಾತು ಎದ್ದು, ಷೂ ಹಾಕ್ಕೊಂಡು, ಹೋಗಿ ಗಿರಾಕಿ ಕರ್ಕೊಂಡು ಬಂತು.

ಏನು ಉತ್ತರ ಕೊಡ್ತೀಯ?

ಕೇಳಬಾರದಿತ್ತು. ಬಿಡು. ಆದರೆ ನಾನು ಕೇಳದೆ ಇನ್ನ್ಯಾರು ಕೇಳಬೇಕು? ಅಂಗಣದ ಬಾಗಿಲಿಗೆ ಎದುರು ನನ್ನ ಬಾಗಿಲು. ಆಟ ಇದ್ದ ಸಂಜೆ ಮಾತ್ರ ಈ ಬೀದಿಗೆ ಜೀವ. ಕಾಗದದ ಗಿರಣಿ ಹೋಯ್ತು, ಷೂ ಕಾರ್ಖಾನೆ ಹೋಯ್ತು. ಹೆರನ್ಸ್ ಹೋದ್ರೆ ಇಲ್ಲಿ ಉಳಿಯೋದು ನಾನು ಮತ್ತು ಪಾರಿವಾಳಗಳು. ಪಾರಿವಾಳಗಳು ತಲೆ ಕೊಡಲ್ಲ.

ಸರಿ, ಹಚ್ತೀನಿ. ನೀನು ಹಾಗೆ ನೋಡಬೇಡ. ಹಚ್ತಿದ್ದೀನಲ್ಲ.

ಮೊದಲು ಟವಲು. ಬಿಸಿ ಹೆಚ್ಚಾಯ್ತಾ?... ನಿಮ್ಮಪ್ಪನಿಗೂ ಹೀಗೇ, ಟವಲು ಎಷ್ಟು ಸುಟ್ರೂ ಒಂದು ಮಾತು ಆಡ್ತಿರಲಿಲ್ಲ. ವಿಶ್ರಾಂತಿ ಹೇಗೆ ನಡೀತಿದೆ ಅವರದು? ಸರೋವರದ ಹತ್ತಿರ ಎಲ್ಲೋ ಇದ್ದಾರೆ ಅಂತ ನೀವು ಮನೆಯವರು ಹೇಳಿದ್ರಿ. ಒಳ್ಳೆ ಗಾಳಿ ಅಲ್ಲಿ. ಮೀನು ಸಿಗುತ್ತೆ... ಸಿಗುತ್ತಾ?

ಆಯ್ತು, ಮಾತಾಡಬೇಡ, ನೊರೆ ಬಾಯೊಳಗೆ ಹೋಗುತ್ತೆ.

ಗಸ್ ಡೋನಟನ್ನ ಕಿಟಕಿ ಕಟ್ಟೆ ಮೇಲೆ ಇಟ್ಟ. ನೋಡಿದೆಯಾ? ಇಟ್ಟುಬಿಟ್ಟ.

ಕತ್ತಿ ಇನ್ನೊಂದು ಸಲ ಮಸೀತೀನಿ, ಇರು. ನಿನ್ನ ಮೊದಲ ಕೂದಲು ಕತ್ತರಿಸಿದ್ದು ಈ ಕೈ. ಹಲಗೆ ಮೇಲೆ ಕೂರಿಸಿದ್ದೆ, ಊರು ಕೇಳೋ ಹಾಗೆ ಅತ್ತೆ. ಈಗ ನೋಡಿದ್ರೆ ಉಸಿರಾಡಿದ್ದೂ ಕೇಳಿಸ್ತಿಲ್ಲ.

ಬಲಗೆನ್ನೆ ಮುಗೀತು. ಗದ್ದ ಮೇಲೆತ್ತು. ಸ್ವಲ್ಪ ಆ ಕಡೆ... ಹಾಂ. ನೋಡು, ದವಡೆ ಕೆಳಗೆ ಎಷ್ಟು ನುಣುಪು. ನಿಮ್ಮಪ್ಪನಿಗೆ ಇಲ್ಲಿ ಕತ್ತಿಯನ್ನ ಸುತ್ತು ಹಾಕಿ ತರಬೇಕಾಯ್ತು, ಗಂಟಿಗೆ ತಾಗದ ಹಾಗೆ...

ಏನು?

ಏನಾಯ್ತು? ಯಾಕೆ ಕಣ್ಣು ಬಿಟ್ಟೆ?

ಗಂಟು ಅಂದೆನಾ? ಮೊಡವೆ ಅಂತ ಹೇಳೋಕೆ ಹೋದೆ. ಎಲ್ಲರಿಗೂ ಇರುತ್ತೆ ಮೊಡವೆ. ಕೂದಲು ಒಳಗೆ ತಿರುಗಿಕೊಂಡು ಬೆಳೆದ್ರೆ... ನೀಲ್. ಕನ್ನಡಿಯಲ್ಲಿ ಹಾಗೆ ನೋಡ್ತಾ ಇದ್ರೆ ನನಗೆ ಕೆಲಸ ಆಗಲ್ಲ. ಕತ್ತಿ ಕೆಳಗಿಡ್ತೀನಿ. ಇಟ್ಟೆ.

ನಿನಗೇ ಅವರು ಹೇಳಿರಲಿಲ್ಲ ಅಲ್ವಾ? ಆಪರೇಷನ್ ಆದ ಮೇಲೆ ಆಸ್ಪತ್ರೆಯಿಂದ ಕರೆದಾಗ ನಿನಗೆ ಗೊತ್ತಾಗಿರಬೇಕು. ಗಡ್ಡ ಯಾಕೆ ಹೋಯ್ತು ಅಂತ ಡಾಕ್ಟರಿಗೆ ಗೊತ್ತಿತ್ತು. ಆ ದಿನ ಈ ಊರಲ್ಲಿ ಗೊತ್ತಿದ್ದವನು ಇನ್ನೊಬ್ಬನೇ, ನಾನು. ಅದನ್ನ ಲೆಕ್ಕ ಹಾಕ್ಕೊಂಡೇ ಒಳಗೆ ಬಂದೆ ನೀನು. ನನ್ನ ಬಾಯಿ ಬಿಡಿಸೋಕೆ ಬಂದೆ, ನಿನಗೆ ಗಡ್ಡ ತೆಗೆಸೋದು ಬೇಕಾಗೇ ಇರಲಿಲ್ಲ.

ಏನಾದ್ರೂ ಹೇಳು.

ಸರಿ. ಬೆಳಿಗ್ಗೆ ಬಾಗಿಲು ತೆಗೀತಿದ್ದೆ, ಬಂದು ಕೂತ್ರು. ಆರ್ಮನ್, ಇಲ್ಲಿ ಮುಟ್ಟು ಅಂದ್ರು. ಮುಟ್ಟಿದೆ. ಗೋಲಿಯಷ್ಟಿತ್ತು, ಗಟ್ಟಿಯಾಗಿ, ಜರುಗ್ತಿರಲಿಲ್ಲ. ಡಾಕ್ಟರು ಗಂಟಲು ಕೊಯ್ತಾರೆ, ಅದಕ್ಕೆ ಮುಂಚೆ ಗಡ್ಡ ತೆಗೀಬೇಕಂತೆ ಅಂದ್ರು. ಪ್ಲೇಆಫ್ ಮುಗಿಯೋವರೆಗೂ ಯಾರಿಗೂ ಗೊತ್ತಾಗಬಾರದು, ಗೊತ್ತಾದ್ರೆ ತಂಡದ ಹುಡುಗರು ಕಾಲಿಗೆ ಕಲ್ಲು ಕಟ್ಟಿಕೊಂಡ ಹಾಗೆ ಆಡ್ತಾರೆ, ನೀಲ್‌ಗೂ ಹೇಳಬೇಡ ಅಂದ್ರು. ಮಾತು ಕೊಟ್ಟೆ. ಆ ಮಾತು ಉಳಿಸಿಕೊಂಡಿದ್ದೀನಿ. ಬೇಕಾದ್ರೆ ಯಾರನ್ನಾದ್ರೂ ಕೇಳು, ಆ ಗಂಟಿನ ವಿಷಯ ನನ್ನ ಬಾಯಿಂದ ಇವತ್ತಿನವರೆಗೂ ಹೊರಗೆ ಬಿದ್ದಿಲ್ಲ.

ಅವರ ಕಾರು ಮೂಲೆ ತಿರುಗೋ ಹೊತ್ತಿಗೆ ಗಸ್ ಒಳಗೆ ಬಂದ. ನೆಲದ ಮೇಲೆ ಬಿಳಿ ಕೂದಲು. ಆಟ ನಡೀತಿರೋವಾಗ ಇದು ಯಾರದು ಅಂದ. ಕಾರು ನೋಡಿದ್ದ. ಲಾಬ್ರಿನಾ? ಯಾಕೆ? ಅಂತ ಹಿಡಿದ. ಅವರನ್ನೇ ಕೇಳು ಅಂದಿದ್ರೆ ಮುಗೀತಿತ್ತು. ನನಗೆ ಆ ಗಂಟು ಇನ್ನೂ ಬೆರಳ ತುದಿಯಲ್ಲಿತ್ತು. ಏನಾದ್ರೂ ಹೇಳಿ ಅವನನ್ನ ಅದರಿಂದ ದೂರ ಒಯ್ಯಬೇಕಿತ್ತು. ಕೆಲ್ವಿನ್‌ಪೋರ್ಟಿಗೆ ಹೊರಟಿರಬೇಕು ಬಿಡು, ಅಲ್ಲಿ ಗಡ್ಡ ಇದ್ದವರನ್ನ ಊರೊಳಗೆ ಸೇರಿಸಲ್ಲವಂತೆ ಅಂದೆ.

ತಮಾಷೆ ನೀಲ್. ಅದು ತಮಾಷೆ. ಗಸ್ ನಗಲಿಲ್ಲ. ಅವನ ಮುಖದ ಬಣ್ಣ ಹೋಯ್ತು. ಹುಚ್ಚ, ತಮಾಷೆ ಮಾಡಿದೆ ಅನ್ನೋಕೆ ಬಾಯಿ ತೆರೆದೆ. ಅಂದ್ರೆ ಮತ್ತೆ ಕೇಳ್ತಾನೆ, ಹಾಗಾದ್ರೆ ನಿಜವಾಗಿ ಯಾಕೆ ಅಂತ. ಬಾಯಿ ಮುಚ್ಚಿದೆ. ಪೊರಕೆ ತಗೊಂಡು ಗುಡಿಸೋಕೆ ಶುರು ಮಾಡಿದೆ. ನಾಳೆ ಸರಿ ಮಾಡಿದ್ರಾಯ್ತು ಅಂದ್ಕೊಂಡೆ. ನಾಳೆ ಬರೋದ್ರೊಳಗೆ ರೇಡಿಯೋದಲ್ಲಿ ಬಂದಿತ್ತು. ಆಮೇಲೆ ಗೇಟಿಗೆ ಅಂಗಿ. ಆಮೇಲೆ ನನಗೆ ಭಯ ಹಿಡೀತು. ಊರಿನವರು ಈ ಕಥೆ ಹುಟ್ಟಿಸಿದವನನ್ನ ಏನು ಮಾಡ್ತಾರೆ ಅನ್ನೋ ಭಯ ಅಷ್ಟೇ, ಬೇರೆ ದೊಡ್ಡದೇನಲ್ಲ.

ನಿಮ್ಮಪ್ಪ ರೇಡಿಯೋ ಕೇಳಿದ್ರಾ? ಆಸ್ಪತ್ರೆಯಲ್ಲಿ... ಅವರಿಗೆ ಗೊತ್ತಾಯ್ತಾ ಯಾರು ಅಂತ? ಮಾತು ಬರ್ತಿದೆಯಾ ಅವರಿಗೆ ಈಗ?

ನೀಲ್.

ನಿನ್ನ ಮುಖವೇ ಹೇಳ್ತಿದೆ, ಬರಲ್ಲ.

ಬರಲ್ವಾ ಇನ್ನು ಮುಂದೆ? ಅದಕ್ಕೇ ಅವರು 'ಸುಳ್ಳು' ಅನ್ನಲಿಲ್ಲ. ಅನ್ನೋಕೆ ಆಗಲೇ ಇಲ್ಲ. ಮೂರೂ ಹೊತ್ತು ಇಲ್ಲಿ ಕೂತು ನಾನು ಯೋಚನೆ ಮಾಡ್ತಿದ್ದೆ, ಯಾಕೆ ಇವರು ಒಂದು ಮಾತು ಆಡ್ತಿಲ್ಲ, ಆಡಿದ್ರೆ ನಾನು ಬಚಾವ್ ಅಂತ. ಸಿಟ್ಟು ಕೂಡ ಬಂದಿತ್ತು ಅವರ ಮೇಲೆ. ನಗು ಬೇಕಾದ್ರೆ.

ಗಸ್ ರಸ್ತೆ ದಾಟ್ತಿದ್ದಾನೆ.

ನೀಲ್, ಅವನು ಬರ್ತಿದ್ದಾನೆ. ಒಂದು ಕೆನ್ನೆ ಬೋಳು, ಒಂದು ಕೆನ್ನೆ ನೊರೆ, ಅವನು ನೋಡಿಬಿಟ್ಟ. ಏನು ಹೇಳ್ಲಿ? ನಿಜ ಹೇಳಿದ್ರೆ ನಿಮ್ಮಪ್ಪನಿಗೆ ಕೊಟ್ಟ ಮಾತು ಹೋಯ್ತು. ಹೇಳದೆ ಇದ್ರೆ ನಾಳೆ ಅಂಗಣ ಪೂರ್ತಿ ಖಾಲಿ, ಸಂಜೆ ನೀನು ಕೆಲ್ವಿನ್‌ಪೋರ್ಟಿಗೆ ಹೂಂ ಅಂತೀಯ, ನಾನು ಅದಕ್ಕೆ ನಿನ್ನನ್ನ ಬಯ್ಯೋಕೂ ಆಗಲ್ಲ. ಹೇಳು ಅಂತ ಒಂದು ಸಲ ತಲೆ ಆಡಿಸು, ಹೇಳ್ತೀನಿ. ಹೇಳಬೇಡ ಅನ್ನು, ಮುಚ್ಚಿಕೊಂಡಿರ್ತೀನಿ. ಎರಡರಲ್ಲಿ ಒಂದು ಮಾಡು. ಚಿಕ್ಕವನಿದ್ದಾಗ ನಿನಗೆ ನಾನು...

ಆಡಿಸಲ್ಲ ನೀನು.

ಕುರ್ಚಿ ಯಾಕೆ ಬಾಗಿಲ ಕಡೆ ತಿರುಗಿಸ್ತಿದ್ದೀಯ?

ಬಾ ಗಸ್. ಚಳಿ ಒಳಗೆ ಬರುತ್ತೆ, ಬಾಗಿಲು ಹಾಕು. ಕೂರಲ್ವಾ? ಸರಿ, ನಿಂತೇ ಕೇಳು. ಇವನು ಯಾಕೆ ತೆಗೆಸ್ತಿದ್ದಾನೆ ಅಂತ ಇವನನ್ನೇ ಕೇಳು, ಉತ್ತರ ಸಿಗಲ್ಲ. ಎಮಿಲ್ ಯಾಕೆ ತೆಗೆಸಿದ್ರು ಅಂತ ನನಗೆ ಗೊತ್ತು, ಆದರೆ ನಾನು ಹೇಳಲ್ಲ. ಇವತ್ತಲ್ಲ, ಯಾವತ್ತೂ ಇಲ್ಲ. ಕೆಲ್ವಿನ್‌ಪೋರ್ಟಿಗೆ ಹೋಗೋಕಂತೂ ಅಲ್ಲ. ಕೆಲ್ವಿನ್‌ಪೋರ್ಟ್ ನಾನು ಹುಟ್ಟಿಸಿದ್ದು. ಈ ಬಾಯಿಂದ, ಇಲ್ಲೇ ನಿಂತು, ನಿನಗೆ. ನೀನು ಯಾರ ಹೆಸರು ಹೇಳದೆ ಕಾಪಾಡ್ತಿದ್ದೀಯೋ ಆ ನಂಬಿಕಸ್ತ ನಾನು, ನಾನು ಹೇಳಿದ್ದು ಸುಳ್ಳು. ಹೋಗಿ ರೇಡಿಯೋದವನಿಗೆ ಹೇಳು, ಈ ಸಲ ಹೆಸರು ಹಾಕಿ ಹೇಳು.

ಏನಾದ್ರೂ ಬಯ್ಯಿ ಗಸ್.

ಹೋದ. ಬಾಗಿಲು ಹಾಕಲೇ ಇಲ್ಲ. ಓಡ್ತಿದ್ದಾನೆ, ಆ ದೇಹ ಇಟ್ಕೊಂಡು. ರೇಡಿಯೋ ಕಡೆಗೋ, ಜನ ಸೇರಿಸೋಕೋ, ನನಗೆ ತಿಳೀತಿಲ್ಲ.

ಸಂಜೆ ನೀನು ಅವರಿಗೆ ಏನು ಹೇಳ್ತೀಯೋ ಅದೂ ತಿಳಿಯಲ್ಲ. ಕೇಳಲ್ಲ ಬಿಡು. ಈ ಕಡೆ ತಿರುಗು. ಗದ್ದ ಮೇಲೆ. ಯಾರಾದ್ರೂ ಕಲ್ಲು ಹೊಡೆದು ಕಿಟಕಿ ಗಾಜು ಒಡೆಯೋ ಸದ್ದು ಬಂದ್ರೆ ಅಲುಗಾಡಬೇಡ, ಎಡಗೆನ್ನೆ ಇನ್ನೂ ಪೂರ್ತಿ ಉಳಿದಿದೆ.