ಕೆರೆದುಕೊಳ್ಳದ ಗಿನಿಪಿಗ್‌ಗಳು

ವೇದಿಕೆಯ ನಟ್ಟನಡುವೆ ಕೂತಿರುವ ಅಧ್ಯಕ್ಷರೇ, ಮುಖ್ಯ ಅತಿಥಿಗಳಾದ ಕಿಣ್ವ ಕಾರ್ಖಾನೆಯ ಮಾಲೀಕರೇ, ಇಂದಿನ ಸನ್ಮಾನಿತರೂ ನನ್ನ ಗುರುಗಳೂ ಆದ ದೊಡ್ಡ ಮೇಷ್ಟ್ರೇ, ಫ್ಯಾನಿನ ಕೆಳಗೆ ಜಾಗ ಹಿಡಿದ ಮತ್ತು ಹಿಡಿಯಲಾಗದ ಸಭಿಕರೇ,

ಮೇಷ್ಟ್ರ ಸಾಧನೆಯ ಬಗ್ಗೆ ಮಾತಾಡಲು ಅವರದೇ ಪ್ರಯೋಗಾಲಯದ ನನ್ನನ್ನು ಕರೆದಿದ್ದೀರಿ. ಕರೆದವರ ಧೈರ್ಯಕ್ಕೆ ಮೊದಲ ಚಪ್ಪಾಳೆ ಸಲ್ಲಬೇಕು.

ಸಾಧನೆ ಏನು? ಸಾಬೂನು ಪುಡಿಗೆ ಬೇಕಾದ, ಕಲೆ ಕರಗಿಸುವ ಕಿಣ್ವಕ್ಕಾಗಿ ಕಾರ್ಖಾನೆಯ ತೊಟ್ಟಿಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸುತ್ತಾರೆ. ಅದು ಕಿಣ್ವದ ಜೊತೆ ಒಂದಿಷ್ಟು ವಿಷವನ್ನೂ ಬಿಡುತ್ತದೆ. ತೊಟ್ಟಿ ತೊಳೆಯುವ ಹೆಂಗಸರ ಮೈಮೇಲೆ ದದ್ದು ಏಳುತ್ತದೆ, ಉಸಿರು ಕಟ್ಟುತ್ತದೆ. ಆ ವಿಷ ಮೈಯೊಳಗೆ ಹಿಸ್ಟಮಿನ್ ಎಂಬ ತುರಿಕೆಯ ರಸವನ್ನು ಹೊರಡಿಸುತ್ತದೆಯೋ, ಇಲ್ಲವೋ? ಮೇಷ್ಟ್ರು ಗಿನಿಪಿಗ್‌ನ ಕರುಳಿನ ತುಂಡಿಗೆ ದಾರ ಕಟ್ಟಿ ಬೆಚ್ಚಗಿನ ಉಪ್ಪುನೀರಿನಲ್ಲಿ ಇಳಿಬಿಟ್ಟರು. ಹಿಸ್ಟಮಿನ್ ಹೊರಟರೆ ಕರುಳು ಮುದುಡಬೇಕು. ವಿಷ ಹಾಕಿದರು. ಮುದುಡಲಿಲ್ಲ. ವಿಷ ನಿರ್ದೋಷಿ! ಪ್ರಬಂಧ ಅಚ್ಚಾಯಿತು. ಮಾಸ್ಕ್ ಕೇಳಿದ, ಗಾಳಿ ಹೊರಹಾಕುವ ಫ್ಯಾನು ಕೇಳಿದ ಹೆಂಗಸರ ಮುಖಕ್ಕೆ ಮಾಲೀಕರು ಅದನ್ನೇ ಹಿಡಿದರು: "ತುರಿಕೆ ನಿಮ್ಮ ಮನೆಯ ಕೊಳೆಯಿಂದ ಬಂದಿದ್ದು."

ಕೊಳೆ ಎಂದಾಗ ನೆನಪಾಯಿತು. ಆ ತೊಟ್ಟಿ ತೊಳೆಯುವವರಲ್ಲಿ ನನ್ನ ಅಕ್ಕನೂ ಒಬ್ಬಳು. ಸೆಖೆಗಾಲದಲ್ಲೂ ಉದ್ದ ತೋಳಿನ ಅಂಗಿ. ಒರೆಸಿದ ನೆಲವನ್ನೇ ಮತ್ತೆ ಒರೆಸುತ್ತಾಳೆ. "ಸಾಕು ಬಿಡೇ ಅಕ್ಕ" ಅಂದರೆ, "ನಿಮ್ಮ ಮೇಷ್ಟ್ರೇ ಬರೆದಿದಾರಂತಲ್ಲೇ, ಕೊಳೆ ನಮ್ಮನೇಲೇ ಇರಬೇಕು. ಓದಿದೋರು ಸುಳ್ಳು ಬರೀತಾರಾ?" ಅನ್ನುತ್ತಾಳೆ. ಅವಳ ಹಾಗೆ ನಾನೂ ಒಂದು ಬಟ್ಟೆ ತಗೊಂಡು ಒರೆಸಲು ಕೂತೆ...

ಕ್ಷಮಿಸಿ. ಸನ್ಮಾನ ಸಭೆ. ಗಿನಿಪಿಗ್‌ಗಳಿಗೆ ಬರೋಣ.

ಮೇಷ್ಟ್ರ ಪ್ರಯೋಗದ ವಾರವೇ, ಗಿನಿಪಿಗ್‌ಗಳನ್ನು ಸಾಕುವ ನಮ್ಮ ಪ್ರಾಣಿಮನೆಗೆ ತಪಾಸಣೆಯವರು ಬರುವವರಿದ್ದರು. ಪ್ರಾಣಿಗಳಿಗೋ ನುಸಿ ಹತ್ತಿ ಮೈಯೆಲ್ಲ ತುರಿಕೆ. ಪ್ರಾಣಿಮನೆಯ ಡಾಕ್ಟರು ಹೋದ ತಿಂಗಳು ಚಹಾ ಕುಡಿಯುತ್ತಾ ಹೆಮ್ಮೆಯಿಂದ ಹೇಳಿದರು: "ಎಲ್ಲಕ್ಕೂ ಕುಡಿಯೋ ನೀರಲ್ಲೇ ತುರಿಕೆ ಔಷಧಿ ಹಾಕ್ಬಿಟ್ಟೆ ಮೇಡಂ. ಸಾಹೇಬರ ಮುಂದೆ ಒಂದಾದ್ರೂ ಕೆರ್ಕೊಳ್ತಾ? ಶಾಲೆ ಮಕ್ಕಳ ಥರ ಕೂತಿದ್ವು!"

ತುರಿಕೆ ಔಷಧಿ ಎಂದರೇನು ಸಭಿಕರೇ? ಹಿಸ್ಟಮಿನ್ನಿನ ಬಾಯಿ ಕಟ್ಟುವ ಔಷಧಿ! ಓಡಿಹೋಗಿ ಮೇಷ್ಟ್ರನ್ನು ಕೇಳಿದೆ: "ವಿಷಕ್ಕೆ ಮೊದಲು ಬರೀ ಹಿಸ್ಟಮಿನ್ ಹಾಕಿ ನೋಡಿದ್ರಾ ಸಾರ್, ಕರುಳು ಸರಿಯಾಗಿದೆಯಾ ಅಂತ?"

"ಅದೆಲ್ಲ ಕಲಿಯೋರ ಕೆಲಸ ಕಣಮ್ಮ. ನಂಗೆ ಕರುಳಿನ ಮುಖ ನೋಡಿದ್ರೇ ಗೊತ್ತಾಗುತ್ತೆ."

ಕರುಳಿಗೆ ಮುಖವಿದೆ ಎಂದು ಕಂಡುಹಿಡಿದದ್ದಕ್ಕೂ ಇನ್ನೊಂದು ಸನ್ಮಾನ ಆಗಲಿ.

ನಾನು ಇನ್ನೂ ಕಲಿಯುವವಳು. ಅದೇ ಔಷಧಿ ಕುಡಿಸಿದ ಪ್ರಾಣಿಯ ಕರುಳಿಗೆ ಹಿಸ್ಟಮಿನ್ನನ್ನೇ ಸುರಿದೆ. ಅಲ್ಲಾಡಲಿಲ್ಲ. ಔಷಧಿ ಕುಡಿಯದ ಪ್ರಾಣಿಯ ಕರುಳಿಗೆ ವಿಷ ಹಾಕಿದೆ. ಮುಷ್ಟಿ ಕಟ್ಟಿದ ಹಾಗೆ ಮುದುಡಿತು! ಅದೇ ಕರುಳಿನ ಇನ್ನೊಂದು ತುಂಡಿಗೆ ಮೊದಲು ಔಷಧಿ, ಆಮೇಲೆ ವಿಷ ಹಾಕಿದೆ. ತೆಪ್ಪಗಿತ್ತು. ಮತ್ತೆ ಮತ್ತೆ ಮಾಡಿದೆ. ಮತ್ತೆ ಮತ್ತೆ ಅದೇ. ಸಾಕ್ಷಿಯ ಬಾಯಿಗೆ ಬಟ್ಟೆ ತುರುಕಿ, "ನಿನ್ನನ್ನು ಯಾರಾದರೂ ಹೊಡೆದರಾ?" ಎಂದು ಕೇಳಿ, "ನೋಡಿ, ಏನೂ ಹೇಳಲಿಲ್ಲ" ಎಂದು ಬರೆದುಕೊಂಡದ್ದು ವಿಜ್ಞಾನವೇ? ಹೊಡೆದವನ ಪಕ್ಕದಲ್ಲಿ ಕೂತು ಅದಕ್ಕೆ ಹಾರ ಹಾಕಿಸಿಕೊಳ್ಳುವುದು ಸಾಧನೆಯೇ?

ನಾಳೆ ಕಾರ್ಮಿಕ ಅಧಿಕಾರಿಯ ಮುಂದೆ ಆ ಹೆಂಗಸರ ದೂರಿನ ವಿಚಾರಣೆ. ಮಾಲೀಕರು ಮೇಷ್ಟ್ರ ಪ್ರಬಂಧ ತರುತ್ತಾರೆ. ನಾನು ಕರುಳು, ದಾರ, ಉಪ್ಪುನೀರು ಎಲ್ಲವನ್ನೂ ಹೊತ್ತು ತರುತ್ತೇನೆ. ನಾಡಿದ್ದಿನಿಂದ ನನಗೆ ಪ್ರಯೋಗಾಲಯದ ಬಾಗಿಲು ತೆರೆಯುವುದಿಲ್ಲ, ಗೊತ್ತು. ಅಧ್ಯಕ್ಷರು ಆಗಲೇ ಗಡಿಯಾರ ನೋಡುತ್ತಿದ್ದಾರೆ, ಮೈಕಿನವರೂ ಅಧ್ಯಕ್ಷರನ್ನು ನೋಡುತ್ತಿದ್ದಾರೆ. ಮುಗಿಸಿದೆ.

ಹಾರ ತಂದವರಿಗೆ, ಕುರ್ಚಿ ಹಾಕಿದವರಿಗೆ, ಕೇಳದೆಯೇ ಬಲಿಯಾದ ಗಿನಿಪಿಗ್‌ಗಳಿಗೆ ಧನ್ಯವಾದ. ಕಡೇ ಸಾಲಿನಲ್ಲಿ ಕೂತಿರುವ ಅಕ್ಕಾ, ನಮ್ಮ ಮನೆ ಯಾವತ್ತೂ ಚೊಕ್ಕಟವಾಗೇ ಇತ್ತು ಕಣೇ. ಅಂಗಿ ತೋಳು ಮೇಲಕ್ಕೆ ಮಡಚು. ಈಗ ಎಲ್ಲರಿಗೂ ಕಾಣೋ ಹಾಗೆ ಕೈಯೆತ್ತಿ ಚಪ್ಪಾಳೆ ತಟ್ಟು.

ನಮಸ್ಕಾರ.